ಎಟಿಸಿ ಕೂರಿಸಿದ್ದೀರಾ? ಕಟರ್ ಹಾಕುವ ಮುಂಚೆ ಹೀಗೆ ಪರೀಕ್ಷಿಸಿ

ಸಿಎನ್‌ಸಿ ರೌಟರ್‌ನಲ್ಲಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮೆಷಿನ್‌ನಲ್ಲಿ, ತೇಗದ ಬಾಗಿಲಿನ ಮೇಲೆ ಹೂಬಳ್ಳಿ ಕೆತ್ತಬೇಕು ಅಂದುಕೊಳ್ಳಿ. ಮೊದಲು 6 ಮಿ.ಮೀ. ಕಟರ್ ಹಾಕಿ ಬೇಡದ ಮರವನ್ನೆಲ್ಲ ತೆಗೆಯಬೇಕು. ಆಮೇಲೆ ತುದಿ ಸಣ್ಣಗಿರುವ ಬಾಲ್‌ನೋಸ್‌ನಿಂದ ಎಲೆ, ಹೂವಿನ ಮೈ ನಯ ಮಾಡಬೇಕು. ಕೊನೆಗೆ ವಿ-ಬಿಟ್‌ನಲ್ಲಿ ಗೆರೆ ಎಳೆಯಬೇಕು. ಒಂದೇ ಬಾಗಿಲಿಗೆ ಮೂರು ಟೂಲ್. ಪ್ರತಿ ಸಲವೂ ಮೆಷಿನ್ ನಿಲ್ಲಿಸಿ, ಎರಡು ಸ್ಪ್ಯಾನರ್ ಹಿಡಿದು ಟೂಲ್ ಬಿಗಿಹಿಡಿಯುವ ಕಾಲೆಟ್ ನಟ್ ಬಿಚ್ಚಿ, ಹೊಸ ಟೂಲ್ ಹಾಕಿ, ಮತ್ತೆ ಝಡ್ ಸೊನ್ನೆ (ಎತ್ತರದ ಲೆಕ್ಕ ಶುರುವಾಗುವ ಜಾಗ) ಹಿಡಿಯಬೇಕು. ಇದನ್ನೆಲ್ಲ ಮೆಷಿನ್ನೇ ಮಾಡಿಕೊಳ್ಳಲಿ ಅಂತ ಇರುವುದು ಆಟೊಮ್ಯಾಟಿಕ್ ಟೂಲ್ ಚೇಂಜರ್, ಅಂದರೆ ಎಟಿಸಿ.

ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಅಲ್ಲಿ ಲೋಹ ಕೊರೆಯುವ ವಿಎಂಸಿ ಮೆಷಿನ್‌ಗಳಲ್ಲಿ ಎಟಿಸಿಯನ್ನು ತಯಾರಕರೇ ಕೂರಿಸಿ, ಪರೀಕ್ಷಿಸಿ ಕೊಟ್ಟಿರುತ್ತಾರೆ. ಮನೆಯ ಶೆಡ್‌ನಲ್ಲಿ ಕಟ್ಟಿಕೊಂಡ ರೌಟರ್‌ಗೆ ಐಎಸ್‌ಒ20 ಟೇಪರ್‌ನ (ಟೂಲ್ ಕೂರುವ ಶಂಕುವಿನಾಕಾರದ ಗೂಡಿನ ಒಂದು ಅಳತೆ) ಎಟಿಸಿ ಸ್ಪಿಂಡಲ್, ಅಂದರೆ ಟೂಲ್ ತಿರುಗಿಸುವ ಮೋಟರ್, ತಂದು ಕೂರಿಸಿದರೆ ಆ ಪರೀಕ್ಷೆ ನಮ್ಮ ಪಾಲಿನದು. ಸುಮಾರು ಜನ ಹತ್ತು ಸಲ ಟೂಲ್ ಬದಲಾಯಿಸಿ ನೋಡುತ್ತಾರೆ. ಹತ್ತೂ ಸಲ ಸರಿ ಹೋದರೆ ಪರೀಕ್ಷೆ ಮುಗಿಯಿತು ಅನ್ನುತ್ತಾರೆ. ನನ್ನ ಪ್ರಕಾರ ಅದು ಅರ್ಧ ಪರೀಕ್ಷೆ. ಏನಾದರೂ ಕೆಟ್ಟಾಗ ಮೆಷಿನ್ ನಿಲ್ಲುತ್ತದಾ ಅಂತಲೂ ನೋಡಬೇಕು. ನಿಮಿಷಕ್ಕೆ 18,000 ಸುತ್ತು ತಿರುಗುವ ಹೋಲ್ಡರ್ (ಕಟರ್ ಹಿಡಿದಿರುವ ಭಾಗ) ಸಡಿಲವಾಗಿ ಕೂತಿದ್ದರೆ ಹಾಳಾಗುವುದು ಮರ ಮಾತ್ರ ಅಲ್ಲ, ಎದುರು ನಿಂತವರಿಗೂ ಅಪಾಯ.

ಸ್ಪಿಂಡಲ್ ಒಳಗೆ ನಡೆಯುವುದೇನು?

ಸ್ಪಿಂಡಲ್‌ನ ನಡುವೆ ಡ್ರಾಬಾರ್ ಎಂಬ ಸರಳು ಇರುತ್ತದೆ. ಅದರ ಸುತ್ತ ಡಿಸ್ಕ್ ಸ್ಪ್ರಿಂಗ್‌ಗಳ ಸಾಲು. ಟೂಲ್ ಹೋಲ್ಡರ್‌ನ ತಲೆಯಲ್ಲಿರುವ ಪುಲ್ ಸ್ಟಡ್ ಅನ್ನು ಡ್ರಾಬಾರ್ ಕಚ್ಚಿ ಹಿಡಿಯುತ್ತದೆ. ಸ್ಪ್ರಿಂಗ್‌ಗಳು ಅದನ್ನು ಮೇಲಕ್ಕೆ ಎಳೆದು ಟೇಪರ್‌ನಲ್ಲಿ ಬಿಗಿಯಾಗಿ ಕೂರಿಸುತ್ತವೆ. ಅಂದರೆ ಟೂಲ್ ಹಿಡಿಯುವುದು ಸ್ಪ್ರಿಂಗ್. ಗಾಳಿ ಬೇಕಾಗುವುದು ಬಿಡಿಸುವುದಕ್ಕೆ. ಹಾಗಾಗಿ ಕೆತ್ತನೆಯ ಮಧ್ಯೆ ಕಂಪ್ರೆಸರ್ ನಿಂತರೂ ಟೂಲ್ ಕೆಳಗೆ ಬೀಳುವುದಿಲ್ಲ.

ತೊಂದರೆ ಬರುವುದು ಗಾಳಿ ಅರ್ಧಂಬರ್ಧ ಇದ್ದಾಗ. ಬಿಡಿಸುವ ಪಿಸ್ಟನ್‌ನ ವ್ಯಾಸ 80 ಮಿ.ಮೀ. ಅಂತಿಟ್ಟುಕೊಳ್ಳಿ. 6 ಬಾರ್ ಗಾಳಿಯಲ್ಲಿ ಅದು ಸುಮಾರು 300 ಕೆ.ಜಿ. ಬಲದಿಂದ ಒತ್ತುತ್ತದೆ. 4 ಬಾರ್‌ನಲ್ಲಿ ಸುಮಾರು 200 ಕೆ.ಜಿ. ಅಷ್ಟೇ. ಸ್ಪ್ರಿಂಗ್ ಅದುಮಲು 250 ಕೆ.ಜಿ. ಬೇಕಿದ್ದರೆ? ವಾಲ್ವ್ ಟಕ್ ಅಂತ ಸದ್ದು ಮಾಡುತ್ತದೆ, ಡ್ರಾಬಾರ್ ಮಾತ್ರ ಪೂರ್ತಿ ಬಿಡುವುದಿಲ್ಲ. ಆಗ ಸ್ಪಿಂಡಲ್ ಮೇಲೆ ಎದ್ದರೆ, ಟೂಲ್‌ಗಳನ್ನು ಸಾಲಾಗಿ ಇಡುವ ರ್ಯಾಕಿನಲ್ಲಿ ಹೋಲ್ಡರ್ ಹಿಡಿದುಕೊಳ್ಳುವ ಫೋರ್ಕ್ ಕಿತ್ತು ಬರುತ್ತದೆ.

ಮೊದಲು ಕೈಯಲ್ಲೇ

ಸ್ಪಿಂಡಲ್ ವೇಗ ನಿಯಂತ್ರಿಸುವ ವಿಎಫ್‌ಡಿಗೆ ಹೋಗುವ ಕರೆಂಟ್ ಪೂರ್ತಿ ತೆಗೆಯಿರಿ. ಬೆಡ್ ಮೇಲೆ ದಪ್ಪ ಫೋಮ್ ಹಾಸಿ. ಹೋಲ್ಡರ್‌ಗೆ ಕಟರ್ ಹಾಕಬೇಡಿ, ಅದೇ ವ್ಯಾಸದ ಸ್ಟೀಲ್ ಡವೆಲ್ ಪಿನ್ ಹಾಕಿ. ಬಿದ್ದರೂ ಕೈ ಕೊಯ್ಯುವುದಿಲ್ಲ, ಆಮೇಲೆ ಅಳತೆ ನೋಡುವುದಕ್ಕೂ ಅದೇ ಪಿನ್ ಬೇಕು. ಪುಲ್ ಸ್ಟಡ್ ನಿಮ್ಮ ಸ್ಪಿಂಡಲ್‌ಗೆ ಹೇಳಿದ ಮಾದರಿಯದ್ದೇನಾ, ಬಿಗಿಯಾಗಿದೆಯಾ ಅಂತ ಒಂದೊಂದನ್ನೂ ನೋಡಿ.

ಈಗ ಹೋಲ್ಡರ್ ಅನ್ನು ಕೆಳಗಿನಿಂದ ಹಿಡಿದು, ರಿಲೀಸ್ ಬಟನ್ ಒತ್ತಿ, ಒಳಗೆ ತಳ್ಳಿ, ಬಟನ್ ಬಿಡಿ. ಹೋಲ್ಡರ್ ಒಂದೇ ಏಟಿಗೆ ಮೇಲೆ ಹೋಗಿ ಕೂರುತ್ತದೆ. ಫ್ಲ್ಯಾಂಜ್ ಮತ್ತು ಸ್ಪಿಂಡಲ್ ಮೂತಿಯ ನಡುವೆ ಬೆರಳು ಇರಲೇಬಾರದು. ಕೂತ ಮೇಲೆ ಎಳೆದು, ತಿರುಚಿ ನೋಡಿ. ಎಳ್ಳಷ್ಟೂ ಅಲ್ಲಾಡಬಾರದು.

ಮುಂದೆ ಗಾಳಿಯ ಮಿತಿ ಕಂಡುಹಿಡಿಯಿರಿ. ಹೆಚ್ಚಿನ ಸ್ಪಿಂಡಲ್‌ಗಳು 6ರಿಂದ 8 ಬಾರ್ ಕೇಳುತ್ತವೆ. ನಿಮ್ಮದರ ಕೈಪಿಡಿಯಲ್ಲಿ ಇರುವುದೇ ಅಂತಿಮ. ಅಲ್ಲಿಂದ ಅರ್ಧ ಅರ್ಧ ಬಾರ್ ಇಳಿಸುತ್ತಾ, ಪ್ರತಿ ಹಂತದಲ್ಲೂ ಟೂಲ್ ಬಿಡಿಸಿ ನೋಡಿ. ಹೋಲ್ಡರ್ ಸಲೀಸಾಗಿ ಕೈಗೆ ಬರದೆ ಹಟ ಮಾಡುವ ಒಂದು ಹಂತ ಸಿಗುತ್ತದೆ. ಆ ಅಂಕಿ ಬರೆದಿಡಿ. ಪ್ರೆಶರ್ ಸ್ವಿಚ್ ಅನ್ನು ಅದಕ್ಕಿಂತ ಕನಿಷ್ಠ ಒಂದು ಬಾರ್ ಮೇಲೆ ಸೆಟ್ ಮಾಡಿ. ಗಾಳಿ ಅದಕ್ಕಿಂತ ಕಡಿಮೆಯಾದರೆ ಟೂಲ್ ಬದಲಾವಣೆ ಶುರುವೇ ಆಗಬಾರದು.

ಇನ್ನೊಂದು ಹಳೆಯ ಪರೀಕ್ಷೆ ಇದೆ, ಬಿಡಬೇಡಿ. ಹೋಲ್ಡರ್‌ನ ಟೇಪರ್‌ಗೆ ತೆಳ್ಳಗೆ ಪ್ರಶ್ಯನ್ ಬ್ಲೂ ಎಂಬ ನೀಲಿ ಬಣ್ಣದ ಲೇಪ ಹಚ್ಚಿ, ಕೂರಿಸಿ, ಬಿಡಿಸಿ. ನೀಲಿ ಸುತ್ತಲೂ ಒಂದೇ ಸಮ ಅಳಿಸಿದ್ದರೆ ಟೇಪರ್ ಪೂರ್ತಿ ಕೂರುತ್ತಿದೆ. ಒಂದೇ ಪಕ್ಕ ಅಳಿಸಿದ್ದರೆ ಒಳಗೆ ಕಸ ಇದೆ, ಅಥವಾ ಟೇಪರ್‌ಗೆ ಪೆಟ್ಟಾಗಿದೆ. ಮರದ ಕೆಲಸದಲ್ಲಿ ಬಹುಪಾಲು ಕಾರಣ ಸಣ್ಣ ಪುಡಿ. ಟೂಲ್ ಬಿಡಿಸುವಾಗ ಸ್ಪಿಂಡಲ್ ಮೂತಿಯಿಂದ ಗಾಳಿ ಊದುವ ವ್ಯವಸ್ಥೆ ಇರುವುದು ಈ ಪುಡಿಗಾಗಿಯೇ. ಅದು ನಿಜಕ್ಕೂ ಊದುತ್ತಿದೆಯಾ ಅಂತ ಅಂಗೈ ಹಿಡಿದು ನೋಡಿ. ಪರೀಕ್ಷೆ ಆದ ಮೇಲೆ ನೀಲಿಯನ್ನು ಎರಡೂ ಕಡೆ ಒರೆಸಿ ತೆಗೆಯಿರಿ.

ಸೆನ್ಸರ್ ಹೇಳಿದ್ದನ್ನು ಹಾಗೇ ನಂಬಬೇಡಿ

ಡ್ರಾಬಾರ್‌ಗೆ ಮೂರು ಸ್ಥಿತಿ ಉಂಟು. ಪೂರ್ತಿ ಕೆಳಗಿದ್ದರೆ ಬಿಟ್ಟಿದೆ. ನಡುವೆ ನಿಂತರೆ ಟೂಲ್ ಹಿಡಿದಿದೆ. ಟೂಲ್ ಇಲ್ಲದೆ ರಿಲೀಸ್ ಬಟನ್ ಬಿಟ್ಟರೆ, ತಡೆಯಲು ಏನೂ ಇಲ್ಲದ ಕಾರಣ ಇನ್ನೂ ಮೇಲೆ ಹೋಗುತ್ತದೆ. ಒಳ್ಳೆಯ ಸ್ಪಿಂಡಲ್‌ಗಳಲ್ಲಿ ಮೂರಕ್ಕೂ ಬೇರೆ ಬೇರೆ ಸೆನ್ಸರ್ ಇರುತ್ತದೆ. ಅಗ್ಗದವುಗಳಲ್ಲಿ ಎರಡು, ಕೆಲವದರಲ್ಲಿ ಒಂದೂ ಇರುವುದಿಲ್ಲ. ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ ಅಂತ ನನ್ನ ಅಭಿಪ್ರಾಯ.

ಒಂದು ಹಾಳೆಯಲ್ಲಿ ಮೂರು ಸ್ಥಿತಿ ಬರೆದು, ಒಂದೊಂದನ್ನೂ ಕೈಯಾರೆ ತಂದು, ಕಂಟ್ರೋಲರ್ ಪರದೆಯಲ್ಲಿ ಯಾವ ಇನ್‌ಪುಟ್ ಹೊತ್ತಿಕೊಳ್ಳುತ್ತದೆ ಅಂತ ಗುರುತು ಹಾಕಿ. ಆಮೇಲೆ ಒಂದೊಂದೇ ಸೆನ್ಸರ್‌ನ ವೈರ್ ಕಳಚಿ ನೋಡಿ. ‘ಟೂಲ್ ಹಿಡಿದಿದೆ’ ಸೆನ್ಸರ್‌ನ ವೈರ್ ಕಡಿದರೆ ಕಂಟ್ರೋಲರ್‌ಗೆ ‘ಹಿಡಿದಿಲ್ಲ’ ಅಂತ ಕಾಣಬೇಕು, ಸ್ಪಿಂಡಲ್ ತಿರುಗಲು ಒಪ್ಪಬಾರದು. ‘ಟೂಲ್ ಇಲ್ಲ’ ಎಂಬ ಸೆನ್ಸರ್ ಒಂದನ್ನೇ ನಂಬಿದರೆ ಇಲ್ಲೇ ಮೋಸ ಹೋಗುತ್ತೇವೆ. ಸಾಮಾನ್ಯ ಎನ್‌ಒ ಸೆನ್ಸರ್ (ಗುರುತಿಸಿದಾಗ ಮಾತ್ರ ಸಿಗ್ನಲ್ ಕೊಡುವಂಥದ್ದು) ಆಗಿದ್ದರೆ, ಅದರ ವೈರ್ ಕಡಿದಾಗ ಕಂಟ್ರೋಲರ್‌ಗೆ ಟೂಲ್ ಇದ್ದಂತೆಯೇ ಕಾಣುತ್ತದೆ.

ತಿರುಗುವುದು ನಿಂತಿದೆಯಾ?

ಸ್ಪಿಂಡಲ್ ತಿರುಗುತ್ತಿರುವಾಗ ರಿಲೀಸ್ ಒತ್ತಿದರೆ ಪಿಸ್ಟನ್ ಹೋಗಿ ತಿರುಗುವ ಡ್ರಾಬಾರ್‌ಗೆ ಉಜ್ಜುತ್ತದೆ, ಟೂಲ್ ಹಾರುತ್ತದೆ. ಇದಕ್ಕೆ ರಿಯಾಯಿತಿ ಇಲ್ಲ. ವಿಎಫ್‌ಡಿಗೆ ಕರೆಂಟ್ ಕೊಟ್ಟು, ನಿಮ್ಮಲ್ಲಿರುವ ಅತಿ ಭಾರದ ಟೂಲ್ ಹಾಕಿ, ಆ ಟೂಲ್‌ಗೆ ಹೇಳಿರುವ ಗರಿಷ್ಠ ವೇಗದಲ್ಲಿ ತಿರುಗಿಸಿ, ನಿಲ್ಲಿಸಿ. ಪೂರ್ತಿ ನಿಲ್ಲಲು ಎಷ್ಟು ಸೆಕೆಂಡು ಬೇಕು ಅಂತ ಫೋನಿನಲ್ಲೇ ಅಳೆಯಿರಿ. ಎಂ6 ಅಂದರೆ ಟೂಲ್ ಬದಲಾಯಿಸುವ ಆದೇಶ. ಅದು ಓಡಿಸುವ ಮ್ಯಾಕ್ರೋದಲ್ಲಿ (ಸಾಲಾಗಿ ನಡೆಯುವ ಆದೇಶಗಳ ಪಟ್ಟಿ) ಕಾಯುವ ಸಮಯ ಅದಕ್ಕಿಂತ ಜಾಸ್ತಿ ಇರಲಿ. ಕಾಯಿಸುವ ಜಿ4 ಆದೇಶದಲ್ಲಿ ‘ಪಿ’ ಅಂಕಿಯನ್ನು ಕೆಲವು ಕಂಟ್ರೋಲರ್‌ಗಳು ಸೆಕೆಂಡು ಅಂತ, ಕೆಲವು ಮಿಲಿಸೆಕೆಂಡು ಅಂತ ಓದುತ್ತವೆ. ಬೇರೆಯವರ ಮ್ಯಾಕ್ರೋ ನಕಲು ಮಾಡಿದ್ದರೆ ಇದನ್ನು ನೋಡಲೇಬೇಕು.

ಬೇಗ ನಿಲ್ಲಲಿ ಅಂತ ವಿಎಫ್‌ಡಿಯಲ್ಲಿ ನಿಲ್ಲಿಸುವ ಸಮಯವನ್ನು ತೀರಾ ಇಳಿಸಿದರೆ ಓವರ್‌ವೋಲ್ಟೇಜ್ ಫಾಲ್ಟ್ ಬರುತ್ತದೆ. ಆಗ ವಿಎಫ್‌ಡಿ ಕೈಬಿಟ್ಟುಬಿಡುತ್ತದೆ, ಸ್ಪಿಂಡಲ್ ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ. ಆದರೆ ‘ಓಡುತ್ತಿದೆ’ ಎನ್ನುವ ರಿಲೇ ಆಫ್ ಆಗಿರುತ್ತದೆ! ಆ ರಿಲೇ ಒಂದನ್ನೇ ನೋಡುವ ಮ್ಯಾಕ್ರೋ, ತಿರುಗುತ್ತಿರುವ ಸ್ಪಿಂಡಲ್‌ನಿಂದ ಟೂಲ್ ಬಿಡಿಸಲು ಹೋಗುತ್ತದೆ. ಹಾಗಾಗಿ ಫಾಲ್ಟ್ ಔಟ್‌ಪುಟ್ ಅನ್ನೂ ಕಂಟ್ರೋಲರ್‌ಗೆ ಜೋಡಿಸಿ. ಫಾಲ್ಟ್ ಇದ್ದರೆ ಎಂ6 ನಡೆಯಕೂಡದು.

ಹೋಮಿಂಗ್ ಮತ್ತು ಫೋರ್ಕ್

ರ್ಯಾಕ್ ಇರುವ ಜಾಗ ಜಿ53, ಅಂದರೆ ಮೆಷಿನ್ ಕೋಆರ್ಡಿನೇಟ್‌ನಲ್ಲಿ ದಾಖಲಾಗಿರುತ್ತದೆ. ಮೆಷಿನ್ ತನ್ನ ಸೊನ್ನೆ ಜಾಗ ಹುಡುಕಿಕೊಳ್ಳುವುದು ಹೋಮಿಂಗ್. ಅದನ್ನು ತೋರಿಸುವ ಹೋಮ್ ಸ್ವಿಚ್ 0.3 ಮಿ.ಮೀ. ಆಚೀಚೆ ಹೇಳಿದರೆ ಎಲ್ಲ ಫೋರ್ಕ್‌ಗಳೂ ಅಷ್ಟೇ ಜರುಗಿದಂತೆ. ಡಯಲ್ ಗೇಜ್ ಇಟ್ಟು, ಮತ್ತೆ ಮತ್ತೆ ಹೋಮ್ ಮಾಡಿ, ಮುಳ್ಳು ಒಂದೇ ಕಡೆ ನಿಲ್ಲುತ್ತದಾ ನೋಡಿ. ಗ್ಯಾಂಟ್ರಿಗೆ ಎರಡು ಮೋಟರ್ ಇದ್ದರೆ ಎರಡೂ ತುದಿಯಲ್ಲಿ ನೋಡಿ.

ಫೋರ್ಕ್‌ನ ಜಾಗ ಹಿಡಿಯುವಾಗ ಸ್ಪಿಂಡಲ್‌ನಲ್ಲಿ ಹೋಲ್ಡರ್ ಇರಲಿ. ಸಣ್ಣ ಸಣ್ಣ ಹೆಜ್ಜೆಯಲ್ಲಿ ಜಾಗ್ ಮಾಡಿ ಫೋರ್ಕ್ ಒಳಗೆ ತನ್ನಿ. ರಿಲೀಸ್ ಒತ್ತಿದಾಗ ಹೋಲ್ಡರ್ ಪಕ್ಕಕ್ಕೆ ಕುಪ್ಪಳಿಸಿದರೆ ಎಕ್ಸ್ ಅಥವಾ ವೈ ತಪ್ಪಿದೆ. ಬಿಡುವಾಗ ಡ್ರಾಬಾರ್ ಹೋಲ್ಡರ್ ಅನ್ನು ಕೂದಲೆಳೆಯಷ್ಟು ಕೆಳಕ್ಕೆ ತಳ್ಳುವುದು ಸಹಜ, ಅದಕ್ಕೆ ಫೋರ್ಕ್ ಬಾಗಿ ಕೊಡಬೇಕು. ಒಂದು ಫೋರ್ಕ್ ಅಳೆದು ಉಳಿದದ್ದನ್ನು ಲೆಕ್ಕ ಹಾಕುವುದು ಬೇಡ. ಪ್ರತಿಯೊಂದನ್ನೂ ಬೇರೆಯಾಗಿಯೇ ಹಿಡಿಯಿರಿ.

ಒಣ ಓಟ

ಮೆಷಿನ್ ನಡೆಸುವ ಸಾಫ್ಟ್‌ವೇರ್‌ಗಳಲ್ಲಿ ಮೂಲ ಜಿಆರ್‌ಬಿಎಲ್ ಫರ್ಮ್‌ವೇರ್ ಎಂ6 ಆದೇಶವನ್ನು ಒಪ್ಪುವುದಿಲ್ಲ. ಲಿನಕ್ಸ್‌ಸಿಎನ್‌ಸಿ, ಮ್ಯಾಕ್3, ಜಿಆರ್‌ಬಿಎಲ್‌ಹ್ಯಾಲ್ ಒಪ್ಪುತ್ತವೆ. ಯಾವುದೇ ಇರಲಿ, ಮೊದಲ ಓಟ ಸ್ಪಿಂಡಲ್ ಆಫ್ ಮಾಡಿ, ಸಿಂಗಲ್ ಬ್ಲಾಕ್‌ನಲ್ಲಿ (ಒಂದು ಸಲಕ್ಕೆ ಒಂದೇ ಆದೇಶ), ರ್ಯಾಪಿಡ್ ವೇಗ, ಅಂದರೆ ಕೆತ್ತದೆ ಸುಮ್ಮನೆ ಸಾಗುವ ವೇಗ, 25 ಶೇಕಡಾಕ್ಕೆ ಇಳಿಸಿ. ಒಂದು ಕೈ ಎಮರ್ಜೆನ್ಸಿ ಬಟನ್ ಮೇಲೆ. ಅತಿ ಉದ್ದದ ಟೂಲ್ ಹಿಡಿದಾಗ ರ್ಯಾಕಿನ ಮೇಲೆ ದಾಟಲು ಎತ್ತರ ಸಾಕಾ, ಪುಡಿ ಹೀರಲು ಸ್ಪಿಂಡಲ್ ಸುತ್ತ ಹಾಕುವ ಡಸ್ಟ್ ಶೂ ಪಕ್ಕದ ಹೋಲ್ಡರ್‌ಗೆ ತಾಗುತ್ತದಾ ನೋಡಿ. ಡಸ್ಟ್ ಶೂ ಬಹಳ ಸಲ ಮರೆತುಹೋಗುತ್ತದೆ.

ಈಗ ಬೇಕಂತಲೇ ಕೆಡಿಸಿ

ಸ್ಪಿಂಡಲ್ ಆಫ್ ಇಟ್ಟೇ ಇವನ್ನು ಮಾಡಿ.

ಟೂಲ್ 2 ಇರಬೇಕಾದ ಫೋರ್ಕ್ ಖಾಲಿ ಬಿಟ್ಟು ಟಿ2 ಎಂ6 (ಟೂಲ್ 2 ತಗೋ ಎಂಬ ಆದೇಶ) ಕೊಡಿ. ಮೆಷಿನ್ ಖಾಲಿ ಸ್ಪಿಂಡಲ್ ಹೊತ್ತು ಕೆಲಸಕ್ಕೆ ಹೊರಡಬಾರದು, ಅಲಾರಂ ಕೊಟ್ಟು ಅಲ್ಲೇ ನಿಲ್ಲಬೇಕು.

ಬದಲಾವಣೆಯ ನಡುವೆ ಗಾಳಿಯ ಕವಾಟ ಮುಚ್ಚಿ. ಇನ್ನೊಮ್ಮೆ ನಡುವೆಯೇ ಎಮರ್ಜೆನ್ಸಿ ಒತ್ತಿ. ಕರೆಂಟ್ ಹೋದಾಗ ಸೊಲೆನಾಯ್ಡ್ ವಾಲ್ವ್ ಯಾವ ಕಡೆ ತಿರುಗುತ್ತದೆ ಅಂತ ಗಮನಿಸಿ. ಕಾಯಿಲ್‌ಗೆ ಕರೆಂಟ್ ಇಲ್ಲ ಅಂದರೆ ಟೂಲ್ ಹಿಡಿದಿರಬೇಕು. ಉಲ್ಟಾ ಇದ್ದರೆ ಪೈಪ್ ಅದಲು ಬದಲಾಗಿದೆ.

ನಾನು ಎಲ್ಲಕ್ಕಿಂತ ಮುಖ್ಯ ಅನ್ನುವ ಪರೀಕ್ಷೆ ಇದು. ಟೂಲ್ 1 ಸ್ಪಿಂಡಲ್‌ನಲ್ಲಿ ಇರುವಾಗ ಇಡೀ ಮೆಷಿನ್‌ನ ಕರೆಂಟ್ ತೆಗೆಯಿರಿ. ಮತ್ತೆ ಹಾಕಿ, ಹೋಮ್ ಮಾಡಿ, ಟಿ2 ಎಂ6 ಕೊಡಿ. ಕಂಟ್ರೋಲರ್‌ಗೆ ಟೂಲ್ 1 ಇನ್ನೂ ಸ್ಪಿಂಡಲ್‌ನಲ್ಲಿದೆ ಅಂತ ನೆನಪಿದೆಯಾ? ಇಲ್ಲದಿದ್ದರೆ ಅದು ಸ್ಪಿಂಡಲ್ ಖಾಲಿ ಅಂದುಕೊಂಡು, ಕೈಯಲ್ಲಿ ಟೂಲ್ 1 ಹಿಡಿದೇ ಟೂಲ್ 2ರ ಮೇಲೆ ಇಳಿಯುತ್ತದೆ. ನಮ್ಮೂರುಗಳಲ್ಲಿ ಕರೆಂಟ್ ಹೋಗುವುದು ಅಪರೂಪ ಅಲ್ಲ, ಅಲ್ವಾ? ನೆನಪು ಮತ್ತು ಸೆನ್ಸರ್ ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಮುಂದೆ ಹೋಗುವಂತೆ ಮ್ಯಾಕ್ರೋ ಬರೆಯಿರಿ.

ಕೊನೆಗೆ ಅಳತೆ

ಡವೆಲ್ ಪಿನ್‌ಗೆ ಡಯಲ್ ಗೇಜ್ ತಾಗಿಸಿ, ಸ್ಪಿಂಡಲ್ ಅನ್ನು ಕೈಯಲ್ಲಿ ತಿರುಗಿಸಿ ರನೌಟ್, ಅಂದರೆ ತಿರುಗುವಾಗ ಪಿನ್ ಎಷ್ಟು ಆಚೀಚೆ ಹೋಗುತ್ತದೆ ಅಂತ, ನೋಡಿ. ಆಮೇಲೆ ಟೂಲ್ ಇಟ್ಟು, ತೆಗೆದು, ಪ್ರತಿ ಸಲ ಟೂಲ್ ಸೆಟ್ಟರ್‌ನಲ್ಲಿ ಉದ್ದ ಅಳೆಯಿರಿ. ಮರದ ಕೆಲಸಕ್ಕೆ ಓದುಗಳ ನಡುವಿನ ವ್ಯತ್ಯಾಸ 0.05 ಮಿ.ಮೀ. ದಾಟದಿದ್ದರೆ ನಾನು ಒಪ್ಪುತ್ತೇನೆ. ಇದು ಅತಿ ಅನಿಸಬಹುದು. ಆದರೆ 90 ಡಿಗ್ರಿ ವಿ-ಬಿಟ್ 0.1 ಮಿ.ಮೀ. ಆಳಕ್ಕೆ ಇಳಿದರೆ ಗೆರೆ 0.2 ಮಿ.ಮೀ. ದಪ್ಪವಾಗುತ್ತದೆ. ಸಣ್ಣ ಅಕ್ಷರದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ.

ಇಷ್ಟಾದ ಮೇಲೆ ಕಟರ್ ಹಾಕಿ, ಒಂದು ಎಂಡಿಎಫ್ ತುಂಡಿನ ಮೇಲೆ ಮೂರೂ ಟೂಲ್‌ನಿಂದ ಒಂದೇ ಆಳದ ಗುಳಿ ಕೊರೆಯಿರಿ. ಜಿ43 ಉದ್ದದ ಆಫ್‌ಸೆಟ್ (ಒಂದೊಂದು ಟೂಲ್‌ನ ಉದ್ದಕ್ಕೆ ತಕ್ಕ ಹೊಂದಾಣಿಕೆ) ಸರಿಯಾಗಿ ಹತ್ತಿದ್ದರೆ ಮೂರರ ತಳವೂ ಒಂದೇ ಮಟ್ಟದಲ್ಲಿರುತ್ತದೆ. ತೇಗಕ್ಕೆ ಕೈ ಹಾಕಿದ ಮೊದಲ ದಿನಗಳಲ್ಲಿ, ಪ್ರತಿ ಕೆಲಸದ ಮುಂಚೆ ಫೋರ್ಕ್‌ಗಳ ಸ್ಕ್ರೂ ಬಿಗಿ ಇದೆಯಾ ನೋಡಿ, ಟೇಪರ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಏರ್ ಫಿಲ್ಟರ್‌ನಲ್ಲಿ ಸೇರಿದ ನೀರು ಬಿಡಿ. ಮಳೆಗಾಲದಲ್ಲಿ ಆ ನೀರು ಜಾಸ್ತಿ ಸೇರುತ್ತದೆ, ಹಾಗಾಗಿ ಆಗ ದಿನಕ್ಕೆ ಎರಡು ಸಲ ಬಿಡಬೇಕಾಗಬಹುದು.