ಸಾಮ್ರಾಜ್ಯದ ಪುಸ್ತಕಗಳಲ್ಲಿ 12ನೇ ಕಾಲಂ

ನಿವೃತ್ತಿಯಾದ ಮೇಲೆ ಕೈಗೆತ್ತಿಕೊಂಡ ಮೊದಲ ದಪ್ಪ ಇಂಗ್ಲಿಷ್ ಪುಸ್ತಕವನ್ನು 70ನೇ ಪುಟಕ್ಕೆ ಬಿಟ್ಟೆ. ಬ್ರಿಟಿಷ್ ಸಾಮ್ರಾಜ್ಯ ಹೇಗೆ ಹಬ್ಬಿತು ಅನ್ನುವ ಪುಸ್ತಕ. ಎಲ್ಲ ಖಂಡಗಳೂ ಅದರಲ್ಲಿದ್ದವು, ಎಲ್ಲ ಗವರ್ನರುಗಳೂ ಇದ್ದರು. ಯಾರು ಯಾರ ಮೇಲೆ ಯಾವಾಗ ಏರಿ ಹೋದರು ಅಂತ ನೆನಪಿಟ್ಟುಕೊಳ್ಳುವುದರಲ್ಲೇ ಸುಸ್ತಾದೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಓದುತ್ತೇನೆ, ಆದರೆ ದಿನಕ್ಕೆ ಐದಾರು ಪುಟ. ಆ ಲೆಕ್ಕದಲ್ಲಿ 600 ಪುಟ ಅಂದರೆ ಒಂದು ಮಳೆಗಾಲ ಪೂರ್ತಿ ಬೇಕು.

ನನ್ನ ಕೆಲಸ ಸರ್ವೆ. 31 ವರ್ಷ ಹದ್ದುಬಸ್ತು (ಗಡಿ ಗುರುತಿಸುವುದು), ಪೋಡಿ (ಜಮೀನನ್ನು ಪಾಲು ಮಾಡಿ ಅಳೆಯುವುದು), ಬದುವಿನ ಜಗಳ ಇವುಗಳಲ್ಲೇ ಕಳೆದೆ. ಇತಿಹಾಸ ನನ್ನ ವಿಷಯವೇ ಅಲ್ಲ. ಮತ್ತೆ ಪುಸ್ತಕ ಹಿಡಿಯುವಂತೆ ಮಾಡಿದ್ದು ಒಂದು ಅಳತೆ. ಮಗಳು ಓಹಾಯೋದಲ್ಲಿದ್ದಾಳೆ. ಅವಳ ಮನೆಗೆ ಆರು ತಿಂಗಳಿಗೆ ಹೋದಾಗ ಹತ್ತಿರದ ಲೈಬ್ರರಿಯಲ್ಲಿ ಅಮೆರಿಕದ ಭೂಮಾಪನದ ಬಗ್ಗೆ ಒಂದು ಸಣ್ಣ ಪುಸ್ತಕ ಸಿಕ್ಕಿತು. ಅದರಲ್ಲಿ 66 ಅಡಿಯ ಗುಂಟರ್ ಚೈನು, ಅಂದರೆ ನೆಲ ಅಳೆಯುವ ಸರಪಳಿ. ಒಂದು ಕ್ಷಣ ಬೆರಗಾದೆ. ನಮ್ಮದು 33 ಅಡಿಯ ಚೈನು, ಚೈನಿಗೆ 16 ಆಣೆ. ಅವರ ಒಂದು ಅಂದರೆ ನಮ್ಮ ಎರಡು. 33ಕ್ಕೆ 33 ಅಡಿ ಆದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅವರಿಗೆ ಹತ್ತು ಚದರ ಚೈನಿಗೆ ಒಂದು ಎಕರೆ. ಎಡ್ಮಂಡ್ ಗುಂಟರ್ ಅನ್ನುವ ಇಂಗ್ಲಿಷ್ ಗಣಿತಜ್ಞ 1620ರಲ್ಲಿ ರೂಪಿಸಿದ ಸರಪಳಿ ಅಮೆರಿಕದ ಪಶ್ಚಿಮಕ್ಕೂ ಹೋಯಿತು, ಅದರ ಅಳತೆ ನಮ್ಮ ಹೊಲಕ್ಕೂ ಬಂತು.

ಅಲ್ಲಿಂದ ಓದುವ ಕ್ರಮ ಬದಲಾಯಿತು. ರಾಜರು, ಯುದ್ಧಗಳು ಆಮೇಲೆ ನೋಡೋಣ ಅಂತ ಬದಿಗಿಟ್ಟೆ. ಒಂದು ಲಾಂಗ್ ನೋಟ್‌ಬುಕ್ ತಂದು ಪಹಣಿಯ ಹಾಗೆ ಗೆರೆ ಎಳೆದೆ. ಪಹಣಿ ನೋಡಿದವರಿಗೆ ಗೊತ್ತು, 9ನೇ ಕಾಲಂನಲ್ಲಿ ಕಬ್ಜೆದಾರರ, ಅಂದರೆ ಕಾಗದದ ಮೇಲಿನ ಹಕ್ಕುದಾರರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು. ಎರಡೂ ಒಂದೇ ಇದ್ದರೆ ಸರ್ವೇಯರ್ ಮಧ್ಯಾಹ್ನಕ್ಕೆ ಮನೆಗೆ ಬರುತ್ತಾನೆ. ಬೇರೆ ಬೇರೆ ಇದ್ದರೆ ಅವತ್ತು ಊಟ ಇಲ್ಲ ಅಂತಲೇ ತಿಳಿಯಿರಿ. ಪ್ರತಿ ಪುಸ್ತಕಕ್ಕೂ ಒಂದು ಪುಟ. ಅಳೆದವರು ಯಾರು, 9ರಲ್ಲಿ ಯಾರು, 12ರಲ್ಲಿ ಯಾರು. ಅಷ್ಟೇ.

ಹೀಗೆ ಓದಿದಾಗ 1785 ಬಹಳ ದೊಡ್ಡ ವರ್ಷ ಅಂತ ಗೊತ್ತಾಯಿತು. ಆ ವರ್ಷ ಅಮೆರಿಕದ ಕಾಂಗ್ರೆಸ್ ಒಂದು ಭೂ ಕಾನೂನು ಮಾಡಿತು. ಪಶ್ಚಿಮದ ನೆಲವನ್ನು ಆರು ಮೈಲಿಗೆ ಆರು ಮೈಲಿಯ ಚೌಕಗಳಾಗಿ ಕತ್ತರಿಸಬೇಕು. ಒಂದೊಂದರಲ್ಲಿ 36 ತುಂಡು, ಒಂದೊಂದು ತುಂಡು 640 ಎಕರೆ. 16ನೇ ತುಂಡು ಶಾಲೆಗೆ ಮೀಸಲು. 1862ರ ಹೋಮ್‌ಸ್ಟೆಡ್ ಕಾನೂನಿನಲ್ಲಿ ಐದು ವರ್ಷ ಇದ್ದು ಸಾಗುವಳಿ ಮಾಡಿದವರಿಗೆ ಕೊಟ್ಟ 160 ಎಕರೆಯೂ ಇದೇ ತುಂಡಿನ ಕಾಲು ಭಾಗ. ವಿಮಾನದ ಕಿಟಕಿಯಿಂದ ಕೆಳಗೆ ನೋಡಿದರೆ ಕಾಣುವ ಆ ಚದುರಂಗದ ಮಣೆ ಇದೇ. ಹಳ್ಳ, ಗುಡ್ಡ ಏನೇ ಇರಲಿ, ಗೆರೆ ನೇರ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದೇ ಬಗೆಯ ಚೈನು, ಒಂದೇ ಬಗೆಯ ದೊರೆಗಳು, ಹಾಗಾಗಿ ನಮ್ಮಲ್ಲೂ ಇದೇ ಕಥೆ ಅಂತ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದುಕೊಂಡೆ. ಒಂದು ವಾರ ಅದೇ ಹುಮ್ಮಸ್ಸು. ಊಟಕ್ಕೆ ಕೂತಾಗೆಲ್ಲ ಅಳಿಯನಿಗೆ ಅದೇ ಭಾಷಣ. ಅವನು ಒಂದು ದಿನ ಕೇಳಿದ: "ಮಾವ, ಹಾಗಾದ್ರೆ ನಮ್ಮ ಊರ ಹೊಲಗಳು ಯಾಕೆ ಚೌಕಾಗಿಲ್ಲ?"

ಸಾಫ್ಟ್‌ವೇರಿನವನು ಕೇಳಿದ ಪ್ರಶ್ನೆಗೆ ಸರ್ವೇಯರ್ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನನ್ನದೇ ಕೆಲಸವನ್ನು ನೆನಪಿಸಿಕೊಂಡೆ. ನಮ್ಮ ಹಳೆಯ ಟಿಪ್ಪಣಿ, ಅಂದರೆ ಹೊಲದ ಅಳತೆಯ ಕೈನಕ್ಷೆ ತೆಗೆದು ನೋಡಿ. ಹೊಲದ ನಡುವೆ ಒಂದು ಉದ್ದ ಗೆರೆ, ಅದರಿಂದ ಎರಡೂ ಕಡೆಗೆ ಕ್ರಾಸ್‌ಸ್ಟಾಫ್ (ನೇರ ಅಡ್ಡ ಗೆರೆ ಹಿಡಿಯುವ ಕೋಲು) ಹಿಡಿದು ಬದುವಿನ ಮೂಲೆ ಮೂಲೆಗೆ ಹಾಕಿದ ಅಡ್ಡ ಗೆರೆಗಳು, ಪಕ್ಕದಲ್ಲಿ ಚೈನು ಮತ್ತು ಆಣೆಯ ಅಂಕಿ. ಬದು ಎಲ್ಲಿ ಡೊಂಕೋ ನಕ್ಷೆಯೂ ಅಲ್ಲಿ ಡೊಂಕು. 1830ರ ದಶಕದಲ್ಲಿ ಪುಣೆ ಕಡೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನುವ ಬ್ರಿಟಿಷ್ ಅಧಿಕಾರಿಗಳು ಶುರು ಮಾಡಿ, 1840ರ ದಶಕದಲ್ಲಿ ಧಾರವಾಡ ಸೀಮೆಗೆ ತಂದ ಸರ್ವೆ ಇದು. ಅವರಿಗೆ ಬೇಕಾಗಿದ್ದು ಕಂದಾಯ. ಕಂದಾಯ ಕೊಡಬೇಕಾದ ರೈತ ಹೊಲದಲ್ಲೇ ನಿಂತಿದ್ದ. ಅವನನ್ನು ಓಡಿಸಿದರೆ ದುಡ್ಡು ಎಲ್ಲಿಂದ ಬರಬೇಕು? ಅದಕ್ಕೇ ಅವನ ಬದು ಹಿಡಿದು ಅಳೆದರು. ಅಮೆರಿಕದಲ್ಲಿ ಗೆರೆ ಮೊದಲು ಹೋಯಿತು, ಆ ಗೆರೆಯೊಳಗೆ ಕೂರಬೇಕಾದ ಜನ ಆಮೇಲೆ ಬಂದರು. ಮೊದಲೇ ಇದ್ದವರ ಬದು ಯಾರಿಗೂ ಬೇಕಿರಲಿಲ್ಲ.

ಹಾಗಂತ ನಮ್ಮ ಸರ್ವೆಯೇನೂ ಸಾಚಾ ಅಲ್ಲ. ನಮ್ಮ ಕಾಗದದಲ್ಲಿ ಖರಾಬು ಅಂತ ಒಂದು ಪದ ಇದೆಯಲ್ಲ. ಕಂದಾಯ ಹುಟ್ಟದ ನೆಲ ಖರಾಬು. ದನ ಮೇಯಿಸುವವರಿಗೆ, ಸೌದೆ ಆರಿಸುವವರಿಗೆ ಅದು ಖರಾಬಲ್ಲ. ಕೆನರಾದ ಕಾಡಿನಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದವರು ಒಂದು ಜಾಗ ಬಿಟ್ಟು ಕೆಲವು ವರ್ಷಕ್ಕೆ ಮತ್ತೆ ಅಲ್ಲಿಗೇ ಬರುತ್ತಿದ್ದರು. ಅಳೆಯಲು ಬಂದ ದಿನ ಅವರು ಅಲ್ಲಿ ಇಲ್ಲದಿದ್ದರೆ ನೆಲ ಖಾಲಿ. ಈ 'ಖಾಲಿ' ಅನ್ನುವ ಪದದ ಮೇಲೆ ಆಗಿನಿಂದ ಕಣ್ಣಿಟ್ಟೆ. ಯಾವ ಪುಸ್ತಕ ತೆರೆದರೂ ಮೊದಲು ಅದನ್ನೇ ಹುಡುಕುತ್ತೇನೆ. ಪಾಳು, ಬಂಜರು, ಕನ್ಯಾಭೂಮಿ, ಯಾರೂ ಇಲ್ಲದ ಸೀಮೆ, ವೇಷ ಬೇರೆ ಬೇರೆ ಇರುತ್ತದೆ. ಸಿಕ್ಕಿದ ಪುಟದಲ್ಲಿ ಒಂದು ಚೀಟಿ ಇಡುತ್ತೇನೆ.

ಹಾಗೆ ಚೀಟಿ ಇಟ್ಟ ಪುಸ್ತಕಗಳಲ್ಲಿ ಒಂದು ಮಕ್ಕಳದು. ಮೊಮ್ಮಗಳ ಕಪಾಟಿನಲ್ಲಿತ್ತು. ಲಾರಾ ಇಂಗಲ್ಸ್ ವೈಲ್ಡರ್ 1935ರಲ್ಲಿ ಬರೆದ 'ಲಿಟಲ್ ಹೌಸ್ ಆನ್ ದ ಪ್ರೇರಿ'. ಅಪ್ಪ ಗಾಡಿ ಕಟ್ಟಿಕೊಂಡು ಹುಲ್ಲುಗಾವಲಿಗೆ ಹೋಗಿ ಕೈಯಾರೆ ಮರದ ಮನೆ ಕಟ್ಟುತ್ತಾನೆ. ಬಾಗಿಲು ಕೂರಿಸುವುದನ್ನು, ಬಾವಿ ತೋಡುವುದನ್ನು ಎಷ್ಟು ಚೆನ್ನಾಗಿ ಬರೆದಿದ್ದಾಳೆ ಅಂದರೆ ಇಷ್ಟಪಡದೆ ಇರಲು ಆಗಲ್ಲ. ಮೊದಲ ಮುದ್ರಣಗಳಲ್ಲಿ ಶುರುವಿನಲ್ಲೇ ಒಂದು ಮಾತಿತ್ತು, ಅಲ್ಲಿ ಜನರೇ ಇರಲಿಲ್ಲ, ಬರೀ ಇಂಡಿಯನ್ನರು (ಅಮೆರಿಕದ ಮೂಲನಿವಾಸಿಗಳು) ಇದ್ದರು ಅಂತ. ಓದುಗರೊಬ್ಬರು ಆಕ್ಷೇಪಿಸಿ ಪತ್ರ ಬರೆದ ಮೇಲೆ 1953ರ ಮುದ್ರಣದಲ್ಲಿ 'ಜನ' ಅನ್ನುವುದನ್ನು 'ವಲಸಿಗರು' ಅಂತ ಬದಲಾಯಿಸಿದರು. ಒಂದೇ ಒಂದು ಪದ. ಮೊಮ್ಮಗಳ ಪ್ರತಿ ಹೊಸದು, ಅದರಲ್ಲಿ ತಿದ್ದಿದ ಪದವೇ ಇದೆ. ಇನ್ನು ಆ ಮನೆ ಎಲ್ಲಿತ್ತು ಅಂತ ನಕ್ಷೆ ಹಿಡಿದು ಹುಡುಕಿದೆ. ಕ್ಯಾನ್ಸಸ್ ರಾಜ್ಯದಲ್ಲಿ, ಓಸೇಜ್ ಬುಡಕಟ್ಟಿನ ಜನರಿಗೆ ಅಂತ ಒಪ್ಪಂದದಲ್ಲಿ ಉಳಿಸಿದ್ದ ನೆಲದ ಮೇಲೆ. ಅಂದರೆ ನಮ್ಮ ಭಾಷೆಯಲ್ಲಿ ಅದು ಒತ್ತುವರಿ. ಕಾಲಂ 9ರಲ್ಲೂ 12ರಲ್ಲೂ ಓಸೇಜ್ ಅಂತ ಬರೆದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಮೊಮ್ಮಗಳಿಗೆ ಪುಸ್ತಕ ಓದಬೇಡ ಅನ್ನಲಿಲ್ಲ. ಮನೆ ಕಟ್ಟುವ ಅಧ್ಯಾಯ ನಾನೇ ಎರಡು ಸಲ ಓದಿ ಹೇಳಿದೆ, ನಕ್ಷೆಯನ್ನೂ ತೋರಿಸಿದೆ.

ಕಾಂಗೋದ ಬಗ್ಗೆ ಆಡಂ ಹಾಕ್ಸ್‌ಚೈಲ್ಡ್ 1998ರಲ್ಲಿ ಬರೆದ ಪುಸ್ತಕ ಮಾತ್ರ ನಾನು ನಿದ್ದೆಗೆಟ್ಟು ಓದಿದ್ದು. ಅದರ ಕ್ರೌರ್ಯದ ಪುಟಗಳನ್ನು ಓದುವುದು ಕಷ್ಟ. ನನ್ನನ್ನು ಹಿಡಿದದ್ದು ಲೆಕ್ಕದ ಭಾಗ. ಎಡ್ಮಂಡ್ ಮೊರೆಲ್ ಒಂದು ಹಡಗು ಕಂಪನಿಯ ಗುಮಾಸ್ತ. ಆಂಟ್‌ವರ್ಪ್ ಬಂದರಿನಲ್ಲಿ ಹಡಗುಗಳ ಸರಕಿನ ಲೆಕ್ಕ ನೋಡುತ್ತಾನೆ. ಕಾಂಗೋದಿಂದ ರಬ್ಬರು, ದಂತ ತುಂಬಿ ತುಂಬಿ ಬರುತ್ತದೆ. ವಾಪಸ್ ಹೋಗುವುದರಲ್ಲಿ ಮುಖ್ಯವಾಗಿ ಬಂದೂಕು, ಮದ್ದುಗುಂಡು. ಬೆಲೆಯಾಗಿ ಕೊಡುವ ಸರಕು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾದರೆ ಆ ರಬ್ಬರನ್ನು ಜನ ಯಾಕೆ ತಂದುಕೊಡುತ್ತಿದ್ದಾರೆ? ಉತ್ತರ ಆ ಲೆಕ್ಕದಲ್ಲೇ ಇತ್ತು. ಕಾಡಿಗೆ ಹೋಗದೆ, ಕಾಗದ ನೋಡಿಯೇ ಅವನಿಗೆ ಗುಲಾಮಗಿರಿ ಕಂಡಿತು. ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್ ತನ್ನ ದೇಶದ 70 ಪಟ್ಟಿಗಿಂತ ದೊಡ್ಡ ಆ ಸೀಮೆಗೆ ಒಂದು ಸಲವೂ ಕಾಲಿಟ್ಟವನಲ್ಲ. 1885ರ ಜುಲೈ 1ರಂದು ಹೊರಡಿಸಿದ ಆಜ್ಞೆಯಲ್ಲಿ 'ಖಾಲಿ ಜಮೀನೆಲ್ಲ ಸರ್ಕಾರದ್ದು' ಅಂತ ಹೇಳಿಬಿಟ್ಟ. ಮತ್ತೆ ಖಾಲಿ! ಅಲ್ಲಿ ಎರಡು ಚೀಟಿ ಇಟ್ಟೆ.

ಡೀ ಬ್ರೌನ್ 1970ರಲ್ಲಿ ಬರೆದ ಪ್ರಸಿದ್ಧ ಪುಸ್ತಕವನ್ನೂ ಓದಿದೆ. ಆತ ವೃತ್ತಿಯಿಂದ ಗ್ರಂಥಪಾಲಕ. ಪಶ್ಚಿಮದ ಕಥೆಯನ್ನು ಅಲ್ಲಿ ಮೊದಲಿದ್ದವರ ಕಡೆಯಿಂದ ಹೇಳುತ್ತಾನೆ. ಅಧ್ಯಾಯಕ್ಕೊಂದು ಬುಡಕಟ್ಟು, ಅಧ್ಯಾಯಕ್ಕೊಂದು ಮುರಿದ ಒಪ್ಪಂದ. ನಿಜ ಹೇಳಬೇಕೆಂದರೆ ಅರ್ಧಕ್ಕೆ ಬಂದಾಗ ನನಗೆ ಎಲ್ಲ ಒಂದೇ ಥರ ಅನ್ನಿಸಲು ಶುರುವಾಯಿತು. ಆಗ ಬ್ಲ್ಯಾಕ್ ಹಿಲ್ಸ್ ಒಂದನ್ನೇ ಹಿಡಿದುಕೊಂಡು ಮುಂದಕ್ಕೆ ಹೋದೆ. 1868ರ ಒಪ್ಪಂದದಲ್ಲಿ ಆ ಗುಡ್ಡಗಳು ಸೂ ಬುಡಕಟ್ಟಿನ ಜನರದ್ದು. 1874ರಲ್ಲಿ ಚಿನ್ನ ಕಂಡಿತು. 1877ರಲ್ಲಿ ಸರ್ಕಾರ ಗುಡ್ಡ ಕಿತ್ತುಕೊಂಡಿತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದು ತಪ್ಪು, ಬಡ್ಡಿ ಸಮೇತ ಪರಿಹಾರ ಕೊಡಿ ಅಂದಿತು. ಮೊತ್ತ 10 ಕೋಟಿ ಡಾಲರಿಗೂ ಜಾಸ್ತಿ. ಅವರು ತೆಗೆದುಕೊಳ್ಳಲಿಲ್ಲ. ಗುಡ್ಡ ಕೊಡಿ ಅಂದರು. ಇದನ್ನು ಓದುವಾಗ ನನಗೆ ಒಬ್ಬ ಅಜ್ಜ ನೆನಪಾದ. ಕಾಲುವೆಗೆ ಅವನ ಎರಡು ಎಕರೆ ಹೋಗಿತ್ತು. ಪರಿಹಾರದ ದುಡ್ಡು ಡಿಪಾಸಿಟ್ ಆಗಿಯೇ ಉಳಿಯಿತು, ಸಹಿ ಮಾಡಲು ಬರಲೇ ಇಲ್ಲ. ಅವನಿಗೆ ತಿಳಿವಳಿಕೆ ಇಲ್ಲ ಅಂತ ಆಗ ಆಫೀಸಿನಲ್ಲಿ ನಾವೆಲ್ಲ ಮಾತಾಡಿಕೊಂಡಿದ್ದೆವು.

ಊರಿಗೆ ಬಂದ ಮೇಲೆ ನಮ್ಮ ಕಡೆಯ ಪುಸ್ತಕಕ್ಕೆ ಕೈ ಹಾಕಿದೆ. ಟಿಪ್ಪು ಸತ್ತಿದ್ದು 1799ರ ಮೇ 4ಕ್ಕೆ. ವರ್ಷ ತುಂಬುವ ಮೊದಲೇ, 1800ರ ಏಪ್ರಿಲ್‌ನಲ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇಲೆ. ಮೈಸೂರು, ಕೆನರಾ, ಮಲಬಾರ್ ಸುತ್ತಿದ. 1807ರಲ್ಲಿ ಮೂರು ಸಂಪುಟ ಬಂತು. ಯಾವ ಊರಲ್ಲಿ ಯಾವ ಬೆಳೆ, ಬೀಜ ಎಷ್ಟು, ಎತ್ತಿನ ಬೆಲೆ ಏನು, ನೇಕಾರನಿಗೆ ಕೂಲಿ ಎಷ್ಟು, ಎಲ್ಲ ಕೇಳಿ ಕೇಳಿ ಬರೆದಿದ್ದಾನೆ. ಮೊದಲ ಸಲ ಓದುವಾಗ ಎಂಥಾ ಶ್ರದ್ಧೆ ಅಂತ ಮೆಚ್ಚಿಕೊಂಡೆ. ಎರಡನೇ ಸಲ ಓದುವಾಗ ಗೊತ್ತಾಯಿತು, ಇದು ಗದ್ದೆ ಕೊಂಡವನು ಮಣ್ಣು ಮುಟ್ಟಿ ನೋಡುವ ಶ್ರದ್ಧೆ. ಎರಡೂ ನಿಜ. ಅವನು ಬರೆದಿಡದಿದ್ದರೆ ಎಷ್ಟೋ ಊರುಗಳ ಆ ಕಾಲದ ಬೆಳೆ, ಬೆಲೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಅದೇ 1800ರಲ್ಲಿ ಲ್ಯಾಂಬ್ಟನ್ ಅನ್ನುವ ಬ್ರಿಟಿಷ್ ಸರ್ವೇಯರ್ ಬೆಂಗಳೂರಿನಲ್ಲಿ ಒಂದು ಮೂಲರೇಖೆ, ಅಂದರೆ ಮುಂದಿನ ಅಳತೆಗೆಲ್ಲ ಆಧಾರವಾಗುವ ಗೆರೆ ಅಳೆದ. ಅವನ ಉಕ್ಕಿನ ಚೈನು 100 ಅಡಿಯದು, ಮೊದಲು ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಹೋಗಿ ಬೇಡ ಅನ್ನಿಸಿಕೊಂಡು ಬಂದದ್ದು. ಚಕ್ರವರ್ತಿಗೆ ಆ ಚೈನಿನ ಬೆಲೆ ಗೊತ್ತಾಗಲಿಲ್ಲವೋ, ಚೆನ್ನಾಗಿ ಗೊತ್ತಾಯಿತೋ! ಇನ್ನೊಬ್ಬ ಬ್ರಿಟಿಷ್ ಸರ್ವೇಯರ್ ಮೆಕೆಂಜಿ ಮೈಸೂರಿನ ನಕ್ಷೆ ಮಾಡುತ್ತಲೇ ಊರೂರಿನ ಕೈಫಿಯತ್ತು ಸಂಗ್ರಹಿಸಿದ. ಅದರ ಹಿಂದೆ ದುಡಿದವರು ಕಾವಲಿ ಬೋರಯ್ಯ, ಲಕ್ಷ್ಮಯ್ಯ ಅನ್ನುವ ಅಣ್ಣತಮ್ಮಂದಿರು. ನನ್ನ ನೋಟ್‌ಬುಕ್ಕಿನಲ್ಲಿ 12ನೇ ಕಾಲಂ ತುಂಬಿ ಅಂಚಿಗೂ ಬರೆಯಬೇಕಾಗಿ ಬಂದದ್ದು ಕೈಫಿಯತ್ತುಗಳ ಪುಟದಲ್ಲಿ ಮಾತ್ರ. ಊರಿನವರೇ ತಮ್ಮ ಊರಿನ ಕಥೆ ಹೇಳಿದ ಕಾಗದ ಅದು.

ಓದಲು ಶುರು ಮಾಡುವವರಿಗೆ ನನ್ನ ಕಡೆಯಿಂದ ಒಂದೇ ಮಾತು. ದೊಡ್ಡ ಪುಸ್ತಕದಿಂದ ಶುರು ಮಾಡಬೇಡಿ. ಒಂದು ತುಂಡು ನೆಲ ಹಿಡಿಯಿರಿ, ಅದರ ಬಗ್ಗೆ ಎರಡು ಕಡೆಯವರು ಬರೆದದ್ದನ್ನು ಓದಿ. ನಕ್ಷೆಯನ್ನು ಸುಮ್ನೆ ನೋಡಬೇಡಿ, ಒಂದು ಸಲ ನೀವೇ ಬಿಡಿಸಿ. ನಾನು ಟ್ರೇಸಿಂಗ್ ಹಾಳೆ ಇಟ್ಟು ಬಿಡಿಸುತ್ತೇನೆ. ನದಿ ಎಳೆದ ಮೇಲೆ ಗಡಿಗೆರೆ ಎಳೆಯುವಾಗ ಕೈಗೇ ಗೊತ್ತಾಗುತ್ತದೆ, ಯಾವ ಗೆರೆ ನೆಲ ನೋಡಿ ಹಾಕಿದ್ದು, ಯಾವುದು ಮೇಜಿನ ಮೇಲೆ ಹಾಕಿದ್ದು ಅಂತ.

ಅಮೆರಿಕ ಬಿಡುವ ಮೊದಲು ಅಳಿಯನಿಗೆ ಹೇಳಿ ಈಸ್ಟ್ ಲಿವರ್‌ಪೂಲ್ ಅನ್ನುವ ಊರಿಗೆ ಹೋಗಿದ್ದೆ. ಓಹಾಯೋ ನದಿಯ ದಡ, ಪೆನ್ಸಿಲ್ವೇನಿಯಾ ಗಡಿ. ಆ ದೊಡ್ಡ ಚೌಕದ ಸರ್ವೆ ಶುರುವಾದ ಜಾಗ ಅದು. ರಸ್ತೆ ಪಕ್ಕ ಒಂದು ಕಲ್ಲು ನೆಟ್ಟಿದ್ದಾರೆ. ಇಲ್ಲಿಂದ ದಕ್ಷಿಣಕ್ಕೆ 1,112 ಅಡಿ ದೂರದಲ್ಲಿ 1785ರ ಸೆಪ್ಟೆಂಬರ್ 30ರಂದು ಥಾಮಸ್ ಹಚಿನ್ಸ್ ಅಳತೆ ಶುರು ಮಾಡಿದ ಅಂತ ಅದರ ಮೇಲಿದೆ. ಮಗಳು ನಕ್ಕಳು. "ಅಪ್ಪಾ, ಬಾಂದು ಕಲ್ಲು ನೋಡೋಕೆ ಇಷ್ಟು ದೂರ ಬಂದ್ವಾ?" ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 33 ಚೈನು 11 ಆಣೆ. ಆ ದಿಕ್ಕಿಗೆ ನೋಡಿದರೆ ನೀರು. ಮೂಲ ಬಿಂದು ಈಗ ನದಿಯೊಳಗೆ ಮುಳುಗಿದೆ.

ಅವತ್ತೇ ರಾತ್ರಿ ಪುಟ ತೆರೆದೆ. ಅಳೆದವರು, ಹಚಿನ್ಸ್. ಕಾಲಂ 9, ಕಾಂಗ್ರೆಸ್. ಎರಡೂ ಒಂದು ನಿಮಿಷದ ಕೆಲಸ. ಹಚಿನ್ಸ್ ಸ್ವಲ್ಪ ದೂರ ಅಳೆದು, ದಾಳಿಯ ಹೆದರಿಕೆಯಿಂದ ಆ ವರ್ಷ ಕೆಲಸ ನಿಲ್ಲಿಸಿ ವಾಪಸ್ ಹೋಗಿದ್ದ. ಯಾರ ಹೆದರಿಕೆ ಅನ್ನುವುದೇ ಕಾಲಂ 12. ಅದನ್ನು ತುಂಬಲು ಇನ್ನೂ ಮೂರು ಪುಸ್ತಕ ಬೇಕಾಯಿತು. ಡೆಲವೇರ್, ಶಾನಿ, ವಯಂಡಾಟ್ ಅಂತ ಒಂದೊಂದೇ ಬುಡಕಟ್ಟಿನ ಹೆಸರು ಬರೆದೆ. ಆ ಸೀಮೆಯ ಬಹುಪಾಲನ್ನು ಅವರು ಗ್ರೀನ್‌ವಿಲ್ ಒಪ್ಪಂದದಲ್ಲಿ ಬಿಟ್ಟುಕೊಟ್ಟದ್ದು 1795ರಲ್ಲಿ. ಚೈನು ಬಿದ್ದು ಆಗಲೇ ಹತ್ತು ವರ್ಷ ಆಗಿತ್ತು.