ಮಾಸ್ಕ್ ಹಾಕಿಕೊಂಡು ಓಡಿದರೆ ದಮ್ಮು ಕಟ್ಟುವುದೇಕೆ? ಮೆಟ್ಟಿಲು ಹತ್ತಿ ನೀವೇ ನೋಡಿ

2020ರ ಆಗಸ್ಟ್‌ನಲ್ಲಿ ಜಿಮ್‌ಗಳು ಮತ್ತೆ ಬಾಗಿಲು ತೆರೆದವು. ಬಟ್ಟೆ ಮಾಸ್ಕ್ ಹಾಕಿಕೊಂಡೇ ಟ್ರೆಡ್‌ಮಿಲ್ ಏರಿದೆ. ನಾಲ್ಕೇ ನಿಮಿಷ. ಒದ್ದೆ ಬಟ್ಟೆ ಮೂಗಿಗೆ ಅಂಟಿಕೊಂಡು, ಕಿವಿ ಬಿಸಿಯಾಗಿ, ಕೆಳಗಿಳಿದುಬಿಟ್ಟೆ. 'ಆಕ್ಸಿಜನ್ ಸಾಲ್ತಿಲ್ಲ' ಅಂತ ಪಕ್ಕದವರಿಗೆ ಹೇಳಿದ್ದೂ ನೆನಪಿದೆ. ಸಾಲದೇ ಹೋಗಿದ್ದು ಆಕ್ಸಿಜನ್ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಕೋವಿಡ್ ಭಯ ಈಗಿಲ್ಲ. ಆದರೆ ಮಾಸ್ಕ್ ಬೇಕಾಗುವ ದಿನಗಳು ಇದ್ದೇ ಇವೆ. ರಸ್ತೆ ಅಗೆದು ಧೂಳೆಬ್ಬಿಸಿರುವ ಬಡಾವಣೆಯಲ್ಲಿ ಬೆಳಗಿನ ವಾಕಿಂಗ್ ಇರಬಹುದು, ದೆಹಲಿಯಲ್ಲಿ ಕೆಲಸಕ್ಕಿರುವ ನಮ್ಮವರ ನವೆಂಬರ್ ತಿಂಗಳಿರಬಹುದು.

ಮೊದಲು, ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಜೋರಾಗಿ ಓಡುವಾಗ ಅದು 60 ಲೀಟರ್ ದಾಟಿ, ಪಳಗಿದ ಓಟಗಾರರಲ್ಲಿ 100 ಲೀಟರನ್ನೂ ಮೀರಬಹುದು. ಅಷ್ಟೂ ಗಾಳಿ ಮಾಸ್ಕ್‌ನ ಸಣ್ಣ ಸಂದುಗಳಲ್ಲೇ ಹೋಗಿಬರಬೇಕು. ನಡೆಯುವಾಗ ಗೊತ್ತೇ ಆಗದ ತಡೆ ಓಡುವಾಗ ಕಾಡುವುದು ಇದಕ್ಕೇ. ಎದೆಯ ಸ್ನಾಯುಗಳು ಜಾಸ್ತಿ ದುಡಿಯುತ್ತವೆ. ಬಿಟ್ಟ ಬಿಸಿ ಉಸಿರಿನಲ್ಲಿ ಸ್ವಲ್ಪ ಒಳಗೇ ಉಳಿದು ಮತ್ತೆ ಮೂಗಿಗೆ ಬರುತ್ತದೆ. ಮುಖ ಕಾಯುತ್ತದೆ. ಮಿದುಳಿಗೆ ಇದೆಲ್ಲ ಸೇರಿ 'ಉಸಿರು ಕಟ್ಟುತ್ತಿದೆ' ಅಂತ ಅನಿಸುತ್ತದೆ.

ಹಾಗಾದರೆ ರಕ್ತದಲ್ಲಿ ಆಕ್ಸಿಜನ್? ಕೆನಡಾದ ಸಸ್ಕಾಚವಾನ್ ವಿಶ್ವವಿದ್ಯಾಲಯದವರು 2020ರಲ್ಲಿ 14 ಮಂದಿ ಆರೋಗ್ಯವಂತರಿಂದ ಸುಸ್ತಾಗಿ ನಿಲ್ಲಿಸುವವರೆಗೂ ಸೈಕಲ್ ತುಳಿಸಿದರು. ಮಾಸ್ಕ್ ಇಲ್ಲದೆ ಒಮ್ಮೆ, ಬಟ್ಟೆ ಮಾಸ್ಕ್‌ನಲ್ಲಿ ಒಮ್ಮೆ, ಸರ್ಜಿಕಲ್ ಮಾಸ್ಕ್‌ನಲ್ಲಿ ಒಮ್ಮೆ. ತುಳಿದ ಹೊತ್ತಿನಲ್ಲೂ ರಕ್ತದ ಆಕ್ಸಿಜನ್‌ನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಜರ್ಮನಿಯ ಲೈಪ್‌ಜಿಗ್‌ನಲ್ಲಿ 12 ಗಂಡಸರ ಮೇಲೆ ನಡೆದ ಪರೀಕ್ಷೆ ಬೇರೆ ಮಾತು ಹೇಳಿತು. ನಮ್ಮ ಎನ್95ಗೆ ಸಮನಾದ ಎಫ್‌ಎಫ್‌ಪಿ2 ಹಾಕಿದಾಗ ಅವರ ಗರಿಷ್ಠ ಸಾಮರ್ಥ್ಯ ಇಳಿಯಿತು, ಕಿರಿಕಿರಿ ಜೋರಾಯಿತು. ಎರಡೂ ಸಣ್ಣ ಪರೀಕ್ಷೆಗಳು. ನನಗನಿಸುವುದು ಇಷ್ಟು: ಮಾಸ್ಕ್ ಯಾವುದು, ಎಷ್ಟು ಜೋರಾಗಿ ದಣಿಯುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಆಮೇಲೆ, ಮಾಸ್ಕ್ ಆರಿಸಿ

ಧೂಳು, ಹೊಗೆಯ ಕಣಗಳಿಗೆ ಎನ್95 ಬೇಕು. ಬಟ್ಟೆ ಮಾಸ್ಕ್ ಅಲ್ಲಿ ಹೆಚ್ಚು ಕೆಲಸಕ್ಕೆ ಬಾರದು. ಆದರೆ ವಾಹನ ಉಗುಳುವ ಅನಿಲಗಳನ್ನು ಎನ್95 ಕೂಡ ತಡೆಯುವುದಿಲ್ಲ. ಹಾಗಾಗಿ ಮಾಸ್ಕ್ ಇದೆ ಅಂತ ರಿಂಗ್ ರೋಡ್ ಪಕ್ಕ ಓಡಬೇಡಿ, ಒಳಗಿನ ಬೀದಿ ಹಿಡಿಯಿರಿ. ಕವಾಟ ಇರುವ ಎನ್95ನಲ್ಲಿ ಉಸಿರು ಬಿಡುವುದು ಸಲೀಸು. ಆದರೆ ನಿಮಗೇ ನೆಗಡಿ ಇದ್ದರೆ ಅದು ಪಕ್ಕದವರನ್ನು ಕಾಪಾಡುವುದಿಲ್ಲ.

ಜಿಮ್ ಹುಡುಗರು ಹಾಕುವ 'ಎತ್ತರದ ಮಾಸ್ಕ್' ಬಗ್ಗೆಯೂ ಒಂದು ಮಾತು. ಅದನ್ನು ಹಾಕಿದರೆ ಹಿಮಾಲಯದಲ್ಲಿ ಅಭ್ಯಾಸ ಮಾಡಿದ ಹಾಗೆ ಅನ್ನುತ್ತಾರೆ. ಬೆಟ್ಟದ ಮೇಲೆ ಗಾಳಿಯ ಒತ್ತಡವೇ ಕಡಿಮೆ. ಈ ಮಾಸ್ಕ್ ಒತ್ತಡವನ್ನೇನೂ ಇಳಿಸುವುದಿಲ್ಲ, ಉಸಿರೆಳೆಯುವುದನ್ನು ಕಷ್ಟ ಮಾಡುತ್ತದೆ ಅಷ್ಟೆ. ದುಡ್ಡು ಉಳಿಸಿ.

ಈಗ ಮೆಟ್ಟಿಲು

ನಿಮ್ಮ ಮನೆಯದೋ ಆಫೀಸಿನದೋ, ಮೂರು ಮಹಡಿ ಸಾಕು. ಒಂದು ದಿನ ಮಾಸ್ಕ್ ಇಲ್ಲದೆ, ನಿಮ್ಮ ಮಾಮೂಲಿ ವೇಗದಲ್ಲಿ ಹತ್ತಿ. ಮೇಲೆ ತಲುಪಿದ ತಕ್ಷಣ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡ್ ಎಣಿಸಿ, 4ರಿಂದ ಗುಣಿಸಿ. ಎಷ್ಟು ಕಷ್ಟವಾಯಿತು ಅಂತ 10ಕ್ಕೆ ಅಂಕ ಕೊಡಿ. ಬರೆದಿಡಿ. ಮಾರನೇ ದಿನ ಅದೇ ಹೊತ್ತಿಗೆ, ಅದೇ ವೇಗದಲ್ಲಿ, ಮಾಸ್ಕ್ ಹಾಕಿಕೊಂಡು ಹತ್ತಿ. ಕಾಫಿ ಕುಡಿದು ಒಮ್ಮೆ, ಕುಡಿಯದೆ ಒಮ್ಮೆ ಹತ್ತಿದರೆ ಲೆಕ್ಕ ಕೆಡುತ್ತದೆ.

ನನ್ನ ಚೀಟಿಯಲ್ಲಿ ನಾಡಿ 124 ಇದ್ದದ್ದು 128 ಆಗಿತ್ತು. ಕಷ್ಟದ ಅಂಕ ಮಾತ್ರ 4ರಿಂದ 6ಕ್ಕೆ ಹಾರಿತ್ತು. ದೇಹಕ್ಕಿಂತ ಅನಿಸಿಕೆಗೇ ಏಟು ಜಾಸ್ತಿ, ಅಲ್ವಾ?

ವೇಗ ಇಳಿಸಿ

ಆ ಅಂಕವೇ ನಿಮ್ಮ ಅಳತೆಗೋಲು. ಮಾಸ್ಕ್ ಹಾಕಿದಾಗಲೂ ಹಳೆಯ ಅಂಕಕ್ಕೇ ಬರುವಷ್ಟು ನಿಧಾನ ಮಾಡಿ. ಇನ್ನೊಂದು ಸುಲಭದ ಪರೀಕ್ಷೆ ಮಾತು: ಒಂದು ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಹೇಳಲು ಆಗಬೇಕು. ಎರಡೆರಡು ಪದಕ್ಕೆ ಉಸಿರೆಳೆಯುತ್ತಿದ್ದರೆ ವೇಗ ಹೆಚ್ಚಾಯಿತು. ಜೋರು ಓಟ, ಭಾರ ಎತ್ತುವ ಕೊನೆಯ ಸುತ್ತು, ಇವನ್ನು ಮಾಸ್ಕ್ ಬೇಡದ ಜಾಗಕ್ಕೆ, ಮಾಸ್ಕ್ ಬೇಡದ ದಿನಕ್ಕೆ ಮುಂದೂಡಿ. ಗಾಳಿ ತೀರಾ ಕೆಟ್ಟಿದ್ದರೆ ಮನೆಯೊಳಗೆ ಸೂರ್ಯನಮಸ್ಕಾರ ಹಾಕುವುದೇ ಜಾಣತನ.

ಒದ್ದೆಯಾದರೆ ಬದಲಿಸಿ

ಬೆವರಿಗೆ ಮಾಸ್ಕ್ ಬೇಗ ನೆನೆಯುತ್ತದೆ, ಉಸಿರಾಟ ಕಷ್ಟವಾಗುತ್ತದೆ. ವ್ಯಾಯಾಮದ ವೇಳೆ ಮಾಸ್ಕ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಕಾಲದಲ್ಲೂ ಹೇಳಿದ್ದಕ್ಕೆ ಇದೂ ಒಂದು ಕಾರಣ. ಜೇಬಿನಲ್ಲಿ ಒಣಗಿದ್ದು ಇನ್ನೊಂದಿರಲಿ. ಎನ್95 ಅನ್ನು ಒಗೆಯಬೇಡಿ.

ಅಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಈ ಮೆಟ್ಟಿಲ ಪರೀಕ್ಷೆಗೂ ಮೊದಲು ಡಾಕ್ಟರನ್ನು ಕೇಳಿ. ಉಳಿದವರಿಗೂ ತಲೆ ತಿರುಗಿದರೆ, ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ಕೂತು ಮಾಸ್ಕ್ ತೆಗೆಯಿರಿ. ಐದು ನಿಮಿಷದಲ್ಲಿ ಸರಿಹೋಗದಿದ್ದರೆ ಆಸ್ಪತ್ರೆಗೆ ಹೊರಡಿ. ಎದೆನೋವಿದ್ದರೆ ಐದು ನಿಮಿಷವೂ ಕಾಯಬೇಡಿ.