ಹೆಜ್ಜೆ ತಿದ್ದಿ ಗಳಿಸಿದ ನಾಲ್ಕು ಬೆರಳು ಎತ್ತರ

ಹನ್ನೊಂದು ವಾಲಿಬಾಲ್ ಹುಡುಗರು, ಎಂಟು ವಾರ. ಬಸ್ಕಿ ಒಂದೂ ಹೆಚ್ಚಿಸಲಿಲ್ಲ. ಸ್ಮ್ಯಾಶ್ ಜಿಗಿತ ಸರಾಸರಿ ಏಳೆಂಟು ಸೆಂಟಿಮೀಟರ್ ಏರಿತು, ಒಬ್ಬನಿಗೆ ಹನ್ನೆರಡರ ಹತ್ತಿರ. "ಕಾಲಿಗೆ ಬಲ ಬರದೆ ಎತ್ತರ ಎಲ್ಲಿಂದ ಬರುತ್ತೆ ಸಾರ್" ಎಂದವರೇ ಈಗ ಹಾರಿ ಮುಟ್ಟಿದ ಬೆರಳು ಹಲಗೆಯ ಮೇಲೆ ಬಿಟ್ಟ ಸುಣ್ಣದ ಗುರುತು ನೋಡಲು ಬರುತ್ತಾರೆ. 2.43 ಮೀಟರ್ ನೆಟ್ಟಿನ ಮೇಲೆ ನಾಲ್ಕು ಬೆರಳು ಸಿಕ್ಕರೆ ಬ್ಲಾಕಿಗೆ, ಅಂದರೆ ಎದುರಾಳಿ ಎತ್ತಿದ ಕೈಗಳಿಗೆ, ಬಡಿಯುತ್ತಿದ್ದ ಚೆಂಡು ಅವುಗಳ ಮೇಲಿಂದ ಹೋಗುತ್ತದೆ.

ದುಡ್ಡು ಕಳೆದದ್ದು ಮೊದಲು ಹೇಳುತ್ತೇನೆ. ಕಾಲಿಗೆ ಕಟ್ಟುವ ಮರಳಿನ ತೂಕದ ಪಟ್ಟಿ ಆರು ಜೊತೆ, ಮುಂಗಾಲಿನಡಿ ದಪ್ಪ ಅಟ್ಟೆಯ ಶೂ ಎರಡು ಜೊತೆ, ಒಟ್ಟು ಒಂಬತ್ತು ಸಾವಿರದ ಆಸುಪಾಸು. ಪಟ್ಟಿ ಕಟ್ಟಿ ಹಾರಿದವರ ಕೊನೆಯ ಹೆಜ್ಜೆ ಜಡವಾಯಿತು, ಬಿಚ್ಚಿದ ಮೇಲೂ ಆ ಜಡ ಹೋಗಲಿಲ್ಲ. ಶೂ ಹಾಕಿದವರಿಗೆ ಮೂರನೇ ವಾರಕ್ಕೆ ಹಿಮ್ಮಡಿ ಮೇಲೆ ನೋವು. ಈಗಿನ ಖರ್ಚು ಸುಣ್ಣದ ಪುಡಿ, ಅಳತೆ ಟೇಪು, ಸೀಮೆಸುಣ್ಣ: ಇನ್ನೂರು ರೂಪಾಯಿ ದಾಟಿಲ್ಲ.

ಎಲ್ಲ ಇರುವುದು ಕೊನೆಯ ಎರಡು ಹೆಜ್ಜೆಯಲ್ಲಿ. ಬಲಗೈಯಲ್ಲಿ ಸ್ಮ್ಯಾಶ್ ಹೊಡೆಯುವವನಿಗೆ ಹೆಜ್ಜೆ ಎಡ-ಬಲ-ಎಡ. ಮೂರನ್ನೂ ಒಂದೇ ಉದ್ದ ಇಟ್ಟರೆ, ಅಥವಾ ಕೊನೆಯದನ್ನೇ ಚಾಚಿದರೆ, ಮೈ ಮುಂದಕ್ಕೆ ತೇಲಿ ನೆಟ್ ಮುಟ್ಟುತ್ತದೆ. ಮೊದಲ ಎಡ ಸಣ್ಣದಿರಲಿ. ಬಲ ಹೆಜ್ಜೆ ಉದ್ದ, ಐದೂಮುಕ್ಕಾಲು ಅಡಿ ಹುಡುಗನಿಗೆ ಸುಮಾರು 1.4 ಮೀಟರ್. ಹಿಮ್ಮಡಿ ಮೊದಲು ಊರಬೇಕು, ಸೊಂಟ ಪಾದಕ್ಕಿಂತ ಹಿಂದಿರಬೇಕು. ಆಮೇಲೆ ಎಡಪಾದ ಅದರ ಒಂದಡಿ ಮುಂದೆ ಬೀಳಬೇಕು, ಬೆರಳುಗಳು ಬಲಕ್ಕೆ ಓರೆಯಾಗಿ. ಆ ಓರೆಯೇ ಬ್ರೇಕ್. ಓಟದ ವೇಗವನ್ನು ಮೇಲಕ್ಕೆ ತಿರುಗಿಸುವುದು ಅದೇ. ಕಣ್ಣಿಗಿಂತ ಕಿವಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಎರಡು ಪಾದ "ಟಟಕ್" ಎನ್ನಬೇಕು. "ಟಕ್... ಟಕ್" ಎಂದು ಬಿಡಿಸಿ ಕೇಳಿದರೆ ವೇಗ ಸತ್ತಿದೆ.

ಉದ್ದ ಹೆಜ್ಜೆಯ ಹೊತ್ತಿಗೆ ಎರಡೂ ಕೈ ಹಿಂದೆ, ಸೊಂಟಕ್ಕಿಂತ ಮೇಲೆ. ಎಡಪಾದ ಊರುವಾಗ ಅವು ತೊಡೆ ದಾಟುತ್ತಿರಬೇಕು. ಕಾಲು ನೆಲ ಬಿಟ್ಟ ಮೇಲೆ ಬೀಸಿದ ಕೈಯಿಂದ ಜಿಗಿತ ಕೂದಲೆಳೆಯಷ್ಟೂ ಏರದು. ಒಂದು ಪರೀಕ್ಷೆ ಮಾಡಿ ನೋಡಿದೆ: ನಿಂತಲ್ಲೇ ಒಮ್ಮೆ ಕೈ ಬೀಸಿ, ಒಮ್ಮೆ ಸೊಂಟಕ್ಕೆ ಕೈ ಇಟ್ಟು ಹಾರಿಸುವುದು, ಎರಡನ್ನೂ ಫೋನಿನಲ್ಲಿ ಹಿಡಿಯುವುದು. ಒಳ್ಳೆಯ ಬೀಸಿನವರಲ್ಲಿ ಅಂತರ ಹತ್ತು ಸೆಂಟಿಮೀಟರ್ ಹತ್ತಿರ ಬಂತು, ಉಳಿದವರಲ್ಲಿ ಮೂರು-ನಾಲ್ಕು. ಆ ಉಳಿದವರಿಗೆ ಮೊದಲ ಪಾಠ ಕೈಯದು.

ಫೋನನ್ನು ನೆಲಮಟ್ಟದಲ್ಲಿಟ್ಟು ಸೆಕೆಂಡಿಗೆ 240 ಫ್ರೇಮ್ ಹಿಡಿಯಿರಿ. ಗಾಳಿಯಲ್ಲಿ 144 ಫ್ರೇಮ್ ಇದ್ದರೆ 0.6 ಸೆಕೆಂಡ್, ಅಂದರೆ ಜಿಗಿತ 44 ಸೆಂಟಿಮೀಟರ್. ಮಂಡಿ ಮಡಚಿ ಇಳಿದವನ ಪಾದ ತಡವಾಗಿ ನೆಲ ಮುಟ್ಟುವುದರಿಂದ ಅವನ ಲೆಕ್ಕ ಸುಳ್ಳು ಹೇಳುತ್ತದೆ. ಐದು ಫ್ರೇಮ್ ಹೆಚ್ಚಾದರೂ ಮೂರು ಸೆಂಟಿಮೀಟರ್ ಉಬ್ಬುತ್ತದೆ. ಹಾಗಾಗಿ ಓಡಿ ಬಂದು ಹಾರುವುದಕ್ಕೆ ನಾನು ನಂಬುವುದು ಕಂಬಕ್ಕೆ ಕಟ್ಟಿದ ಹಲಗೆ ಮತ್ತು ಬೆರಳಿನ ಸುಣ್ಣವನ್ನೇ.

ಮೊದಲೆರಡು ವಾರ ಚೆಂಡಿಲ್ಲ, ಸುಣ್ಣದ ಗುರುತಿನ ಮೇಲೆ ಹೆಜ್ಜೆ ಮಾತ್ರ. ಆಮೇಲೆ ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತನಾಲ್ಕು ಪೂರ್ಣ ಜಿಗಿತ. ನಾಲ್ಕಾದ ಮೇಲೆ ಎರಡು ನಿಮಿಷ ವಿಶ್ರಾಂತಿ. ನಲವತ್ತಕ್ಕೆ ಏರಿಸಿದ ವಾರ ಮಂಡಿಚಿಪ್ಪಿನ ಕೆಳಗೆ ನೋವು ಬಂತು, ಹೆಜ್ಜೆಯೂ ಕೆಟ್ಟಿತು. ಚೆಂಡು ಸೇರಿದ ದಿನ ಎಲ್ಲರೂ ಹಳೆಯ ಚಾಳಿಗೆ ಮರಳಿದರು, ಕಾರಣ ಬೇಗ ಓಡುವುದು. ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವ ಲಿಫ್ಟರ್ ಕೈಯಿಂದ ಚೆಂಡು ಬಿಟ್ಟ ಮೇಲೆಯೇ ಬಲ ಹೆಜ್ಜೆ ಎಂದು ಕಟ್ಟು ಹಾಕಿದ ಮೇಲೆ ಸರಿಹೋಯಿತು.

ಮರಳಿನಲ್ಲೂ ಎರಡು ವಾರ ಹಾರಿಸಿದೆ. ಇಳಿಯುವುದು ಮೆತ್ತಗಾಯಿತು, ಆದರೆ ಹಿಮ್ಮಡಿ ಹೂತು "ಟಟಕ್" ಹಾಳಾಯಿತು. ಮರಳನ್ನು ಈಗ ಇಳಿಯುವ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಸ್ಮ್ಯಾಶ್ ಹೊಡೆದು ಎಡಗಾಲೊಂದರಲ್ಲೇ ಇಳಿಯುವವರಿಗೆ ಅದು ಬೇಕೇ ಬೇಕು.